ಅಕ್ಕನ ಇಂಜೆಕ್ಷನ್, ನನ್ನ ಹೊಟ್ಟೆಕಿಚ್ಚು

ನನ್ನ ಅಕ್ಕ ಅಮ್ಮಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಕುಶಲಾ ಒಳ್ಳೆಯವಳ ವೇಷ ಹಾಕಿದಳು ಎಂದು ಯಾರೂ ಅನ್ನುವುದು ಬೇಡ. ಕಾಪುವಿನ ಕಡಲಬದಿಯಲ್ಲಿ ಹುಟ್ಟಿದ ನಾವಿಬ್ಬರೂ ಮೀನು ಮಾರುವವರು. ಅವಳಿಗೆ ಐವತ್ತಾರು, ನನಗೆ ಐವತ್ತೆರಡು. ಇಷ್ಟು ವರ್ಷಗಳಲ್ಲಿ ಕಿಚ್ಚಿನ ಕಾರಣ ಬದಲಾಗಿದೆಯೇ ಹೊರತು ಕಿಚ್ಚು ಆರಿಲ್ಲ.

ಚಿಕ್ಕಂದಿನಲ್ಲಿ ನನಗೆ ಅವಳ ಕಾಯಿಲೆಯ ಮೇಲೆಯೇ ಅಸೂಯೆ. ಅವಳಿಗೆ ದಮ್ಮು, ಡಾಕ್ಟರರು ಅಸ್ತಮಾ ಎನ್ನುತ್ತಾರೆ. ಮಳೆಗಾಲ ಬಂತೆಂದರೆ ಅವಳ ಎದೆಯೊಳಗೆ ಸೀಟಿ ಊದಿದ ಸದ್ದು. ಆಗ ಅಮ್ಮನ ಮಡಿಲು ಅವಳಿಗೆ, ಬಿಸಿನೀರು ಅವಳಿಗೆ, ಮನೆಯ ಒಂದೇ ಒಂದು ಕೋಳಿ ಇಟ್ಟ ಮೊಟ್ಟೆಯೂ ಅವಳಿಗೆ. ಬಾವಿಯಿಂದ ಆ ನೀರು ಸೇದುತ್ತಿದ್ದವಳು ಯಾರು? ನಾನು! ಒಂದು ದಿನ ನಾನೂ ಎದೆ ಹಿಡಿದುಕೊಂಡು ಏದುಸಿರು ಬಿಟ್ಟು ನಾಟಕ ಮಾಡಿದೆ. ಅಮ್ಮ ಬೆನ್ನಿಗೊಂದು ಬಿಟ್ಟು ಮತ್ತೆ ಬಾವಿಕಟ್ಟೆಗೇ ಅಟ್ಟಿದಳು. ದಮ್ಮಿನ ದೆಸೆಯಿಂದ ಅಮ್ಮಣ್ಣಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಳು, ನಾನು ಏಳರವರೆಗೆ ಓದಿದೆ. ಅದಕ್ಕಾದರೂ ಅವಳು ನನ್ನನ್ನು ನೋಡಿ ಕರುಬಬೇಕಿತ್ತಲ್ಲ? ಕರುಬಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ದೊಡ್ಡವರಾದ ಮೇಲೆ ಇಬ್ಬರೂ ಬೆಳಿಗ್ಗೆ ಮಲ್ಪೆಯಲ್ಲಿ ಮೀನು ತೆಗೆದುಕೊಂಡು ಬಸ್ಸಿನಲ್ಲಿ ಹಿರಿಯಡ್ಕಕ್ಕೆ ಹೋಗಿ ಮನೆಮನೆಗೆ ಮಾರುತ್ತಿದ್ದೆವು. ಅಮ್ಮಣ್ಣಿ ಒಂದು ಗೇಟಿನ ಹತ್ತಿರ ನಿಂತು ಕೂಗಿದರೆ ಮೂರು ಮನೆಯ ಬಾಗಿಲು ತೆರೆಯುತ್ತಿತ್ತು. ಬೇಡವೇ ಬೇಡ ಎಂದವರ ಕೈಗೂ ಬಂಗುಡೆ ಹಿಡಿಸಿ ಬರುವ ಬಾಯಿ ಅವಳದು. ನನಗೆ ಅಂಥ ಬಾಯಿ ಇಲ್ಲ. ನನಗಿರುವುದು ಜಗಳದ ಬಾಯಿ.

ನಮ್ಮಲ್ಲಿ ಒಬ್ಬಳು ಮೀನು ಕೊಡುವ ಮನೆಗೆ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಅದು ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಯಾರೂ ತಪ್ಪುವುದಿಲ್ಲ. ಆರು ವರ್ಷದ ಹಿಂದೆ ದಮ್ಮು ಜೋರಾಗಿ, ಒಂದೇ ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿ, ಅಮ್ಮಣ್ಣಿ ಬುಟ್ಟಿಯನ್ನು ಮೂಲೆಗಿಟ್ಟಳು. ಅವಳ ಮನೆಗಳಿಗೆ ನಾನು ಹೋಗಲೇ ಎಂದು ಕೇಳಿದೆ. "ಹೋಗು, ಇನ್ನು ನಿನ್ನದೇ ಅಂತ ತಿಳ್ಕೋ" ಎಂದಳು. ತಿಳಿದುಕೊಂಡೆ.

ನಾಲ್ಕು ವರ್ಷ ಸುಖವಾಗಿತ್ತು. ಆಮೇಲೆ ಮಣಿಪಾಲದ ಡಾಕ್ಟರ್ ಯಶ್ವಂತ್ ಅವಳಿಗೆ ತಿಂಗಳಿಗೊಮ್ಮೆಯ ಒಂದು ಇಂಜೆಕ್ಷನ್ ಶುರು ಮಾಡಿದರು. ಐದನೇ ತಿಂಗಳಿಗೆ ನೋಡಿದರೆ, ಅಮ್ಮಣ್ಣಿ ಬುಟ್ಟಿ ಹೊತ್ತು ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ! ದಿಬ್ಬ ಹತ್ತಿದಳು, ಕೂಗಿದಳು, ಬಾಗಿಲುಗಳು ತೆರೆದವು. ನಾನು ಮಳೆ ಬಿಸಿಲು ನೋಡದೆ ಮೀನು ಕೊಟ್ಟ ಲವೀನಾ ಬಾಯಿ ನನ್ನನ್ನು ಕರೆದು, "ಅಮ್ಮಣ್ಣಿ ಬಂದಳಲ್ವಾ, ಇನ್ನು ನೀನು ಇಷ್ಟು ದೂರ ಕಷ್ಟಪಡಬೇಡ ಮಾರಾಯ್ತಿ" ಎಂದಳು. ಕಷ್ಟವಂತೆ! ಮೈಯೆಲ್ಲ ಉರಿದುಹೋಯಿತು. ಹೋದ ಮನೆಗಳನ್ನು ಅಮ್ಮಣ್ಣಿ ಕೇಳಿ ಪಡೆಯಲೂ ಇಲ್ಲ, ಅವೇ ಅವಳ ಹಿಂದೆ ಹೋದವು. ಬೈಯಲಿಕ್ಕೂ ನನಗೊಂದು ಕಾರಣ ಸಿಗಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ, ಮೊನ್ನೆ ಕಾರ್ಕಳದಿಂದ ಅವಳ ಮಗಳು ಕಾವ್ಯ ಅಳುತ್ತಾ ಫೋನ್ ಮಾಡಿದಳು. ಆ ಇಂಜೆಕ್ಷನ್‌ನಿಂದ ಹೃದಯಕ್ಕೆ ತೊಂದರೆ ಆಗಬಹುದೆಂದು ಅವಳು ಎಲ್ಲೋ ಓದಿದ್ದಳು. ನಮ್ಮ ಅಪ್ಪ ಬೂಬ ನಲವತ್ತೆಂಟನೇ ವಯಸ್ಸಿಗೆ ಬಲೆ ಎಳೆಯುತ್ತಲೇ ಎದೆ ಹಿಡಿದುಕೊಂಡು ಮರಳಿನ ಮೇಲೆ ಬಿದ್ದು ಹೋದವನು. ಕಾವ್ಯ ಇಂಜೆಕ್ಷನ್ ನಿಲ್ಲಿಸು ಎಂದಳು, ಮಗ ಜಿತೇಂದ್ರ ನಿಲ್ಲಿಸಬೇಡ ಎಂದ. ಅಮ್ಮಣ್ಣಿ ಸೀದಾ ನನ್ನಲ್ಲಿಗೆ ಬಂದಳು.

"ನಿನಗೆ ಓದಲಿಕ್ಕೆ ಬರ್ತದೆ. ಡಾಕ್ಟ್ರ ಹತ್ರ ನನ್ನ ಜೊತೆ ಬಾ" ಎಂದಳು.

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಇಂಜೆಕ್ಷನ್ ನಿಂತರೆ ಬುಟ್ಟಿ ಮತ್ತೆ ಮೂಲೆಗೆ, ಮನೆಗಳು ಮತ್ತೆ ನನಗೆ. ಸಾಯಲಿ ಎಂದು ಬಯಸಿದವಳಲ್ಲ ನಾನು. ಕುಳಿತಿರಲಿ ಎಂದಷ್ಟೇ.

ಡಾಕ್ಟರ್ ಯಶ್ವಂತ್ ಅವಸರ ಮಾಡಲಿಲ್ಲ. ಒಂದು ಕಾಗದದ ಮೇಲೆ ಬರೆದು ತೋರಿಸಿದರು. "ಒಂದು ದೊಡ್ಡ ಅಧ್ಯಯನ ಆಗಿದೆ. ಈ ಇಂಜೆಕ್ಷನ್ ತೆಗೆದುಕೊಳ್ಳದ ಸಾವಿರ ಅಸ್ತಮಾ ರೋಗಿಗಳಲ್ಲಿ ವರ್ಷಕ್ಕೆ ಸುಮಾರು ಎಂಟು ಮಂದಿಗೆ ಹೃದಯದ ಅಥವಾ ಮೆದುಳಿನ ರಕ್ತನಾಳದ ಗಂಭೀರ ತೊಂದರೆ ಬಂದಿತ್ತು. ತೆಗೆದುಕೊಂಡವರಲ್ಲಿ ಸುಮಾರು ಹದಿಮೂರು."

"ಅಂದರೆ ಐದು ಹೆಚ್ಚು" ಎಂದೆ ನಾನು, ತಕ್ಷಣ.

"ಹೌದು. ಆದರೆ ತೆಗೆದುಕೊಂಡವರ ಕಾಯಿಲೆ ಮೊದಲೇ ಜೋರಿತ್ತು. ಆ ಐದೂ ಇಂಜೆಕ್ಷನ್‌ನಿಂದಲೇ ಬಂತು ಎಂದು ಹೇಳಲಿಕ್ಕಾಗುವುದಿಲ್ಲ. ಇಲ್ಲವೇ ಇಲ್ಲ ಎಂದೂ ಹೇಳಲಿಕ್ಕಾಗುವುದಿಲ್ಲ." ಅವರು ಅಮ್ಮಣ್ಣಿಯ ಇಸಿಜಿ ನೋಡಿದರು, ಬಿಪಿ ನೋಡಿದರು, ಅಪ್ಪನ ವಿಷಯವನ್ನೂ ಕೇಳಿ ಬರೆದುಕೊಂಡರು. "ಅಸ್ತಮಾ ಜೋರಾದರೆ ಅದೂ ಜೀವಕ್ಕೆ ಅಪಾಯವೇ. ನನ್ನ ಮಟ್ಟಿಗೆ ನಿಮಗೆ ಇದರಿಂದ ಉಪಕಾರವೇ ಹೆಚ್ಚು. ಆದರೂ ಜೀವ ನಿಮ್ಮದು. ಗುರುವಾರ ಇಂಜೆಕ್ಷನ್ ದಿನ, ಯೋಚಿಸಿ ಬನ್ನಿ" ಎಂದರು.

ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕುಳಿತೆವು. ಅಮ್ಮಣ್ಣಿ ಬೆರಳು ಮಡಿಸಿ ಬಿಡಿಸಿ ಲೆಕ್ಕ ಹಾಕುತ್ತಿದ್ದಳು.

"ಸಾವಿರ ಬೂತಾಯಿ ಮೀನಿನಲ್ಲಿ ಐದು ಹೆಚ್ಚು ಹಾಳಾದ್ರೆ ನಾವು ಬುಟ್ಟಿ ಬಿಸಾಡುವುದುಂಟಾ?" ಎಂದಳು.

"ಬೂತಾಯಿಗೆ ಮಕ್ಕಳು ಮರಿ ಉಂಟಾ?" ಎಂದೆ.

"ಅದೂ ಹೌದು." ಮಡಿಸಿದ ಬೆರಳು ಬಿಡಿಸಿ ನನ್ನ ಕಡೆ ತಿರುಗಿದಳು. "ಕಾವ್ಯ ಹೆದರಿ ಹೇಳ್ತಾಳೆ. ಜಿತ್ತುವಿಗೆ ನಾನು ಓಡಾಡಿಕೊಂಡಿದ್ರೆ ಸಾಕು. ನೀನು ಹೇಳು. ನೀನು ಹೇಳಿದ ಹಾಗೆ ಮಾಡ್ತೇನೆ."

ಹೇಳಬೇಕಾದದ್ದು ಒಂದೇ ಶಬ್ದ. ಮಣಿಪಾಲದಿಂದ ಬರುವಾಗ ಬಸ್ಸಿನಲ್ಲೇ ಅದನ್ನು ಹತ್ತು ಸಲ ಮನಸ್ಸಿನಲ್ಲಿ ಹೇಳಿ ನೋಡಿದ್ದೆ. ಅವಳ ಕೈ ಹಿಡಿದುಕೊಂಡು, "ಬೇಡ ಅಕ್ಕಾ. ನಿಲ್ಲಿಸಿಬಿಡು. ಅಪ್ಪನನ್ನು ಒಮ್ಮೆ ನೆನಪು ಮಾಡಿಕೋ. ಇನ್ನು ನೀನು ಆರಾಮವಾಗಿರು, ಎಲ್ಲ ನಾನು ನೋಡಿಕೊಳ್ತೇನೆ" ಎಂದೆ.

ಅಮ್ಮಣ್ಣಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಸರಿ, ಹಾಗಾದ್ರೆ ಗುರುವಾರ ತಗೊಳ್ತೇನೆ" ಎಂದಳು.

"ಎಂತ? ನಾನು ಬೇಡ ಅಂದದ್ದಲ್ವಾ!"

"ಬೇಡ ಅಂದದ್ದಕ್ಕೇ. ಐವತ್ತು ವರ್ಷದಲ್ಲಿ ನೀನು ನನ್ನ ಹತ್ರ ಯಾವತ್ತು ಇಷ್ಟು ಮೆತ್ತಗೆ ಮಾತಾಡಿದ್ದಿ, ಕುಶಲಾ? ನಾನು ಸಾಯ್ತೇನೆ ಅಂತ ನಿನಗೆ ನಿಜಕ್ಕೂ ಅನ್ನಿಸಿದ್ರೆ ನೀನು ಈ ಸ್ಟ್ಯಾಂಡಿನಲ್ಲೇ ನನ್ನ ಜುಟ್ಟು ಹಿಡಿದು ಜಗಳ ಮಾಡ್ತಿದ್ದಿ. ನಿನಗೆ ಹೆದರಿಕೆ ಇಲ್ಲ. ಹೊಟ್ಟೆಕಿಚ್ಚು ಮಾತ್ರ."

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳಿಗೆ ಗೊತ್ತಿತ್ತು! ಬಾವಿಕಟ್ಟೆಯ ಕಾಲದಿಂದ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನೇ ಕೇಳಲು ಬಂದಿದ್ದಳು. ನಾಚಿಕೆಗೆ ಕಿವಿ ಬಿಸಿಯಾಯಿತು. ಮರುಕ್ಷಣ ಆ ಹಾಳು ಐದು ನನ್ನ ಕಣ್ಣೆದುರು ಬಂತು. ಅಲ್ಲಿಯವರೆಗೆ ನನಗೆ ಅದು ಬರೀ ಒಂದು ಅಂಕೆಯಾಗಿತ್ತು. ಈಗ ಅವಳು ನಿಜವಾಗಿಯೂ ಚುಚ್ಚಿಸಿಕೊಳ್ಳುತ್ತಾಳಲ್ಲ?

"ಆ ಐದರಲ್ಲಿ ನೀನೇ ಒಬ್ಬಳಾದ್ರೆ?" ನಾನು ಎದ್ದು ನಿಂತು ಕಿರುಚಿದೆ. "ನಿನಗೆ ತಲೆ ಸರಿ ಉಂಟಾ? ಎದೆ ಸ್ವಲ್ಪ ಹಿಡಿದ ಹಾಗಾದ್ರೂ ಆ ಕ್ಷಣ ನನಗೆ ಹೇಳಬೇಕು. ಕೈ ಸೋತರೆ, ಬಾಯಿ ಸೊಟ್ಟ ಆದ್ರೆ, ಅಕ್ಕಪಕ್ಕದವರನ್ನು ಕೂಗಬೇಕು. ಗ್ಯಾಸ್ಟ್ರಿಕ್ ಅಂತ ಓಂಕಾಳು ನೀರು ಕುಡಿದು ಮಲಗಿದಿಯೋ, ನಾನೇ ಕೊಂದುಬಿಡ್ತೇನೆ!" ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಅಮ್ಮಣ್ಣಿಯ ನಗು ನಿಂತಿತು. "ಈಗ ನನಗೂ ಸ್ವಲ್ಪ ಹೆದರಿಕೆ ಆಯ್ತು" ಎಂದಳು.

ಆದರೂ ಗುರುವಾರ ಹೋದಳು. ನಾನೂ ಹೋದೆ. ನರ್ಸ್ ಒಂದು ಫಾರ್ಮ್ ತಂದು, ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು, ಹಿಂದಿನ ಹಾಗೆ ಮಗಳ ಹೆಸರೇ ಇರಲಾ ಎಂದು ಕೇಳಿದಳು.

"ಬೇಡ ಸಿಸ್ಟರ್, ಮಗಳು ಅಳ್ತಾ ಕೂರ್ತಾಳೆ. ಇವಳ ಹೆಸರು ಹಾಕಿ" ಎಂದು ಅಮ್ಮಣ್ಣಿ ನನ್ನನ್ನು ತೋರಿಸಿದಳು. "ನನ್ನನ್ನು ಕಂಡ್ರೆ ಇವಳಿಗೆ ಆಗುವುದಿಲ್ಲ. ಆದ್ರೆ ಯಾರ ಹತ್ರ ಬೇಕಾದ್ರೂ ಜಗಳ ಮಾಡಿ ನನ್ನನ್ನು ಉಳಿಸಿಕೊಳ್ತಾಳೆ."

ನರ್ಸ್ ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಪೆನ್ನು ಕಿತ್ತುಕೊಂಡು ನನ್ನ ಹೆಸರು, ನಂಬರ್ ಬರೆದೆ. ಸಂಬಂಧ ಎಂದಿದ್ದಲ್ಲಿ ‘ತಂಗಿ’ ಎಂದು ಬರೆದು, "ಎಂತ ಹಲ್ಲು ಕಿಸಿಯುವುದು? ತೋಳು ಕೊಡು ಅವರಿಗೆ" ಎಂದು ಅಕ್ಕನನ್ನು ಗದರಿದೆ.