ತಮ್ಮ ನೀರು ಕುಡಿದು ಹೋದ ಮಧ್ಯಾಹ್ನ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಕೆಲಸದವರು ಅಲ್ಲಿ ಯಾರೋ ನಿಂತಿದ್ದರು, ಇಲ್ಲಿ ಯಾರೋ ಕರೆದರು ಎಂದು ಹೇಳಿಕೊಂಡು ಬಂದರೆ, "ಹೊಟ್ಟೆಯಲ್ಲಿ ಗ್ಯಾಸ್ ಆಗಿದೆ, ಸೋಡಾ ಕುಡಿದು ಮಲಗಿ" ಎಂದು ಓಡಿಸುತ್ತಿದ್ದವನು ನಾನು. ಠಾಣೆ ಶಹರದ ಮಾಜಿವಾಡಾದ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಬಹಳ ವರ್ಷಗಳಿಂದ ಮ್ಯಾನೇಜರ್ ಆಗಿದ್ದೇನೆ. ಓದಿದ್ದು ಏಳನೆಯ ತರಗತಿಯವರೆಗೆ, ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರೊಳಗೆ ನನ್ನದೊಂದು ತಪ್ಪು ಇದೆ, ಅದನ್ನೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಬರೆಯಲು ಕೂತದ್ದೇ ಅದಕ್ಕಾಗಿ.

ನನ್ನ ತಮ್ಮ ಜಿತೇಶ ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಇಂಗ್ಲಿಷ್ ಶಾಲೆ, ಇಂಜಿನಿಯರಿಂಗ್, ಆಮೇಲೆ ಮಹಾಪೆಯಲ್ಲಿ ಎರಡು ಕೋಣೆಯ ಆಫೀಸು, ಸ್ವಂತ ಇಂಟರ್ನೆಟ್ ಕಂಪನಿ. ಮನೆಯಲ್ಲಿ ನಮ್ಮದು ತುಳು. ಕನ್ನಡ ಅವನಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಅಪ್ಪ ಬೇಗ ಹೋದದ್ದರಿಂದ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ನಾನೇ.

ಜಿತುವಿಗೆ ಒಂದು ಕಡೆ ಕೂತು ಯೋಚಿಸಲು ಆಗುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಲೋಕಲ್ ರೈಲು ಹತ್ತಿ ಕಲ್ಯಾಣಕ್ಕೆ ಹೋಗಿ ವಾಪಸು ಬರುತ್ತಿದ್ದ. ಇಂದೋರ್, ಕೊಚ್ಚಿ, ಒಮ್ಮೆ ವಿಯೆಟ್ನಾಂ ಕೂಡ ಸುತ್ತಿ ಬಂದ. ಎಲ್ಲಿ ಹೋದರೂ ದೇವಸ್ಥಾನ, ಸಮುದ್ರ ನೋಡುವವನಲ್ಲ, ಬಸ್‌ಸ್ಟ್ಯಾಂಡ್ ನೋಡುವವನು. "ಜನ ಎಲ್ಲಿ ಕಾಯ್ತಾರೋ ಅಲ್ಲಿ ಧಂಧಾ ಉಂಟು ಅಣ್ಣಾ. ಕಾಯುವುದನ್ನು ಕಮ್ಮಿ ಮಾಡಿಕೊಟ್ರೆ ಆಯ್ತು, ಟೆಕ್ನಾಲಜಿ ಅಂದ್ರೆ ಅಷ್ಟೇ" ಎನ್ನುತ್ತಿದ್ದ. ಊರಿನಿಂದ ಊರಿಗೆ ಹೋಗಿ ಬಂದವನು ಸೀದಾ ನನ್ನ ಹೋಟೆಲಿಗೆ ಬಂದು, ಕೈ ತೊಳೆಯುವ ಜಾಗದ ಪಕ್ಕದ ಒಂಬತ್ತನೇ ಟೇಬಲಿನಲ್ಲಿ ನನ್ನ ಕೌಂಟರಿಗೆ ಮುಖ ಮಾಡಿ ಕೂತು, ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಗೆರೆ ಎಳೆದು ಎಳೆದು ಹೊಸ ಐಡಿಯಾ ಹೇಳುತ್ತಿದ್ದ. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ತಲೆಯಾಡಿಸುತ್ತಿದ್ದೆ.

ಹಾಗೆ ಒಂದು ದಿನ ಕೇಳಿದ, "ಸಾಂಬಾರು ಹಳಸಿದ್ದು ನಿಂಗೆ ಹ್ಯಾಗೆ ಗೊತ್ತಾಗ್ತದೆ?"

"ಒಂದು ಟೇಬಲಿನವರು ಹುಳಿ ಅಂದ್ರೆ ಬಿಟ್ಟುಬಿಡ್ತೇನೆ. ಎರಡನೇ ಟೇಬಲಿನವರೂ ಅಂದ್ರೆ ರುಚಿ ನೋಡ್ತೇನೆ. ಮೂರನೇ ಟೇಬಲಿನಿಂದಲೂ ಬಂದ್ರೆ ರುಚಿ ನೋಡ್ಲಿಕ್ಕೆ ಹೋಗುದಿಲ್ಲ, ಪಾತ್ರೆ ಎತ್ತಿ ಚೆಲ್ಲಿಬಿಡ್ತೇನೆ."

"ರುಚಿ ನೋಡದೆಯೇ?"

"ರಶ್ಶಿನಲ್ಲಿ ಯಾರಿಗೆ ಪುರುಸೊತ್ತು ಮಾರಾಯ?"

ಅವನು ಟೇಬಲಿಗೆ ಕೈ ಬಡಿದ. "ಯಹೀ ತೋ! ನಿನ್ನ ತಲೆ ನಂಗೆ ಫುಕಟ್‌ನಲ್ಲಿ ಸಿಗ್ತದೆ, ಅದಕ್ಕೇ ನಿಂಗೆ ಅದರ ಬೆಲೆ ಗೊತ್ತಿಲ್ಲ" ಎಂದು ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡ.

ಅವನ ಆಪ್ ಹುಟ್ಟಿದ್ದು ಹೀಗೆ. ಒಂದು ಬಡಾವಣೆಯಲ್ಲಿ ಏನಾದರೂ ಅಪಾಯ ಕಂಡವರು ಅದರಲ್ಲಿ ಫೋಟೋ ಹಾಕುವುದು. ಅಲ್ಲೇ ಹತ್ತಿರ ಇರುವ ಬೇರೆ ಇಬ್ಬರು 'ನಾನೂ ನೋಡಿದೆ' ಎಂಬ ಗುಂಡಿ ಒತ್ತಿದರೆ ಮೂರಾಯಿತು. ಕೂಡಲೇ ಸುತ್ತಮುತ್ತಲಿನ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ. ಗ್ಯಾಸ್ ಸೋರಿದ್ದು, ಹಾವು ಬಂದದ್ದು, ಸರ ಕಿತ್ತುಕೊಂಡು ಓಡಿದವನು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಶುರುವಿನಲ್ಲಿ ಸರಿಯಾಗಿ ನಡೆಯುತ್ತದೋ ಎಂದು ನೋಡಲು ಜಿತು ನಮ್ಮ ಹೋಟೆಲಿನ ಏಳು ಫೋನುಗಳಿಗೆ ಅದನ್ನು ಹಾಕಿಕೊಟ್ಟ. ಆ ಏಳಕ್ಕೆ ಜಾಗದ ಕಟ್ಟಳೆ ಇರಲಿಲ್ಲ. ಠಾಣೆಯಲ್ಲಿ ಕೂತು ಐರೋಲಿಯದ್ದನ್ನೂ ಕಲ್ಯಾಣದ್ದನ್ನೂ ಒತ್ತಬಹುದಿತ್ತು. ಪರೀಕ್ಷೆ ಮುಗಿದ ಮೇಲೂ ತೆಗೆಯಲು ಅವನು ಮರೆತ. ಮರೆತದ್ದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ತಮ್ಮನ ಆಪ್ ಮೇಲೆ ಬರಲಿ ಎಂದು ಕೆಲಸದವರಿಗೆಲ್ಲ ಹೇಳಿಟ್ಟಿದ್ದೆ, ಟಿಂಗ್ ಅಂದ ಕೂಡಲೇ ಒತ್ತಬೇಕು. "ಅದರಲ್ಲಿ ಎಂಥ ಉಂಟು ನೋಡುದು ಬೇಡವಾ?" ಎಂದು ದೋಸೆ ಹೊಯ್ಯುವ ವಾಸಣ್ಣ ಒಮ್ಮೆ ಕೇಳಿದರು. "ಎಂಥದಾದರೂ ಇರಲಿ, ನೀವು ಒತ್ತಿ" ಎಂದೆ. ನಾವು ಊರಿನವರೆಲ್ಲ ಸೇರಿದರೆ ನಮ್ಮವನೊಬ್ಬನನ್ನು ಎತ್ತಿ ನಿಲ್ಲಿಸುವುದು ಹೀಗೆಯೇ. ಅದರಲ್ಲಿ ತಪ್ಪು ನನಗೆ ಕಂಡಿರಲಿಲ್ಲ.

ಆ ದಿನ ಮಧ್ಯಾಹ್ನದ ಊಟದ ರಶ್ ಮುಗಿದು ಗ್ರಾಹಕರು ಯಾರೂ ಇರಲಿಲ್ಲ. ಮೂರೂಕಾಲು ದಾಟಿರಬೇಕು. ಫೋನು ಟಿಂಗ್ ಎಂದಿತು. ಕಲ್ಯಾಣ ಪೂರ್ವದಲ್ಲಿ ಮಕ್ಕಳ ಕಳ್ಳ, ಹುಷಾರು ಎಂದು ಮರಾಠಿಯಲ್ಲಿತ್ತು. ಕೆಳಗೆ ಫೋಟೋ ಇತ್ತು. ನಾನು ಅದನ್ನು ದೊಡ್ಡದು ಮಾಡಿ ನೋಡಲಿಲ್ಲ. ಒತ್ತಿದೆ. ಒಳಗೆ ಕಾವಲಿ ಉಜ್ಜುತ್ತಿದ್ದ ವಾಸಣ್ಣನಿಗೆ ಕೂಗಿ ಹೇಳಿದೆ. ಅವರೂ ಒದ್ದೆ ಬೆರಳಿನಲ್ಲಿ ಒತ್ತಿದರು. ಹಾಕಿದ ಹೆಂಗಸು ಒಬ್ಬಳು, ನಾವಿಬ್ಬರು. ಮೂರಾಯಿತು.

ಅರ್ಧ ಗಂಟೆ ಕಳೆದಿರಬಹುದು. ತಲೆ ಎತ್ತಿದಾಗ ಜಿತು ಒಂಬತ್ತನೇ ಟೇಬಲಿನಲ್ಲಿ ಕೂತಿದ್ದ. ಬಾಗಿಲಿನಿಂದ ಒಳಗೆ ಬಂದದ್ದನ್ನು ನಾನು ನೋಡಲಿಲ್ಲ. ಯಾವತ್ತೂ ನನ್ನ ಕಡೆ ಮುಖ ಮಾಡಿ ಕೂರುವವನು ಆ ದಿನ ಬೆನ್ನು ಹಾಕಿ ಕೂತಿದ್ದ. ಬೂದು ಬಣ್ಣದ ಅಂಗಿ, ಹೆಗಲಲ್ಲಿ ಕಪ್ಪು ಚೀಲ. ಒಂದು ಕಾಲಿನಲ್ಲಿ ಶೂ ಇರಲಿಲ್ಲ, ಬರೀ ಕಾಲುಚೀಲ. ಎಲ್ಲೋ ಲೋಕಲ್ ಹತ್ತುವಾಗ ನೂಕಾಟದಲ್ಲಿ ಬಿದ್ದಿರಬೇಕು ಎಂದುಕೊಂಡೆ.

"ಅಣ್ಣಾ, ನೀರು ಕೊಡು" ಎಂದ. ತುಳುವಿನಲ್ಲಿ, ಸಣ್ಣ ದನಿಯಲ್ಲಿ.

ಸ್ಟೀಲ್ ಲೋಟದ ತುಂಬ ನೀರು ತಂದು ಅವನ ಮುಂದಿಟ್ಟೆ. ಇಡುವಾಗ ಮುಖ ನೋಡಬಹುದಿತ್ತು. ಅವನು ತಲೆ ತಗ್ಗಿಸಿದ್ದ, ನಾನೂ ಬಗ್ಗಿ ನೋಡಲಿಲ್ಲ.

"ಆ ಮನುಷ್ಯನನ್ನು ನೀನು ನೋಡಿದ್ದಾ?" ಎಂದು ಕೇಳಿದ.

ಫೋನಿನಲ್ಲಿ ಬಂದದ್ದರ ಬಗ್ಗೆ ಕೇಳುತ್ತಿದ್ದಾನೆಂದು ನನಗೆ ಕೂಡಲೇ ತಿಳಿಯಿತು. "ನೋಡುದೆಂಥದು? ಟಿಂಗ್ ಅಂದದ್ದೇ ತಡ, ಒತ್ತಿದೆ. ವಾಸಣ್ಣನ ಹತ್ರವೂ ಒತ್ತಿಸಿದೆ" ಎಂದೆ. ಹೆಮ್ಮೆಯಿಂದಲೇ ಹೇಳಿ ಉಳಿದ ಟೇಬಲುಗಳನ್ನು ಒರೆಸಲು ಹೋದೆ. ಒಂದು ಹತ್ತು ನಿಮಿಷ ಆಗಿರಬೇಕು.

ಆಗ ಕೌಂಟರಿನಲ್ಲಿಟ್ಟ ನನ್ನ ಫೋನು ಬಡಿಯಿತು. ಹೋಗಿ ನೋಡಿದರೆ ಜಿತುವಿನ ಹೆಸರು. ನಗು ಬಂತು. ಅವನಿಗೆ ಇಂಥ ಮಂಗಾಟ ಹೊಸದಲ್ಲ. ಎತ್ತಿ, "ಎಂಥ ಮಾರಾಯ, ಅಲ್ಲೇ ಕೂತು ಫೋನ್ ಮಾಡ್ತೀಯಾ?" ಎಂದೆ. ಆ ಕಡೆಯಿಂದ ಬೇರೆ ಯಾರೋ ಗಂಡಸು ಏದುಸಿರಿನಲ್ಲಿ ಮರಾಠಿಯಲ್ಲಿ ಮಾತಾಡಿದ. ಈ ಫೋನಿನವನನ್ನು ಜನ ಸೇರಿ ಹೊಡೆದಿದ್ದಾರೆ, ರಿಕ್ಷಾದಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ, ಉಸಿರು ಇದೆ, ತುರ್ತಿಗೆ ಎಂದು ಇಟ್ಟ ನಂಬರು ನಿಮ್ಮದು, ಬೇಗ ಕಲ್ಯಾಣಕ್ಕೆ ಬನ್ನಿ. ನಾನು ತಿರುಗಿ ನೋಡಿದೆ. ಒಂಬತ್ತನೇ ಟೇಬಲಿನಲ್ಲಿ ಯಾರೂ ಇರಲಿಲ್ಲ. ಲೋಟ ಇತ್ತು. ಬಗ್ಗಿ ನೋಡಿದೆ. ಖಾಲಿ.

ಕಲ್ಯಾಣದಲ್ಲಿ ನಡೆದದ್ದು ನನಗೆ ಗೊತ್ತಾದದ್ದು ವಿಡಿಯೋದಿಂದ. ಯಾರೋ ಒಬ್ಬ ಮೊದಲಿನಿಂದ ಕೊನೆಯವರೆಗೆ ತೆಗೆದಿದ್ದ. ಜಿತು ಆ ವಾರ ಮಕ್ಕಳು ಶಾಲೆಗೆ ನಡೆದು ಹೋಗುವ ಗಲ್ಲಿಗಳನ್ನು ನೋಡುತ್ತಿದ್ದ. ಎಲ್ಲಿ ಚರಂಡಿ ತೆರೆದಿದೆ, ಎಲ್ಲಿ ನಾಯಿ ಕಾಟ ಇದೆ ಎಂದು ಮಕ್ಕಳನ್ನೇ ಕೇಳಿ ಫೋಟೋ ತೆಗೆಯುತ್ತಿದ್ದ. ಅದು ಅವನ ಮುಂದಿನ ಐಡಿಯಾ. ವಿಡಿಯೋದಲ್ಲಿ ಮೊದಲು ನಾಲ್ಕೈದು ಜನ ಅವನ ಕಾಲರ್ ಹಿಡಿದಿದ್ದಾರೆ. ಅವನು ನಗುತ್ತಾ ಕುತ್ತಿಗೆಯ ಕಾರ್ಡು ತೋರಿಸುತ್ತಾನೆ. "ಯೇ ಮೇರಾಹೀ ಆಪ್ ಹೈ", ಈ ಆಪ್ ನನ್ನದೇ, ಎನ್ನುತ್ತಾನೆ. ಅಷ್ಟರಲ್ಲಿ ಅವರ ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ಆ ಸದ್ದು ವಿಡಿಯೋದಲ್ಲಿ ಚೆನ್ನಾಗಿ ಕೇಳುತ್ತದೆ. ಮನೆಗಳಿಂದ, ಅಂಗಡಿಗಳಿಂದ ಜನ ಓಡಿ ಬರುತ್ತಾರೆ. ಒಬ್ಬ ಬೆಲ್ಟ್ ಬಿಚ್ಚಿ ಬಕಲಿನ ಕಡೆಯಿಂದ ಬೀಸುತ್ತಾನೆ. ಚಹಾದ ಗಾಡಿಯವನ ಕಬ್ಬಿಣದ ಸ್ಟೂಲು ಜಿತುವಿನ ದವಡೆಗೆ ಬೀಳುತ್ತದೆ. ಬಿದ್ದವನ ಮುಖವನ್ನು ಒಬ್ಬ ಬೂಟುಗಾಲಿನಲ್ಲಿ ಒದೆಯುತ್ತಾನೆ, ಒದ್ದು ಹಿಂದೆ ಸರಿದು ಮತ್ತೊಬ್ಬನಿಗೆ ಜಾಗ ಕೊಡುತ್ತಾನೆ. ಒಬ್ಬ ಅಜ್ಜಿ ಚಪ್ಪಲಿಯಿಂದ ತಲೆಗೆ ಬಡಿಯುತ್ತಾಳೆ. ಅವಳು ಅಳುತ್ತಿದ್ದಾಳೆ. ಹೊಡೆದವರಲ್ಲಿ ಯಾರೂ ಅವನನ್ನು ಮೊದಲು ಕಂಡವರಲ್ಲ. ಎಲ್ಲರಿಗೂ ಖಾತ್ರಿ ಇತ್ತು, ಏಕೆಂದರೆ ಮೂವರು ನೋಡಿದ್ದರು.

ಎಡಗಣ್ಣು ಹೋಯಿತು. ದವಡೆಗೆ ತಂತಿ ಹಾಕಿದರು. ಎಡಕಿವಿ ಈಗಲೂ ಕೇಳುವುದಿಲ್ಲ. ಒಂದು ತಿಂಗಳು ಅವನು ಮಾತಾಡಲಿಲ್ಲ. ಅಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಕೂತು, "ಒತ್ತಿದವರ ಬೆರಳು ಕೊಳೆತು ಹೋಗಲಿ" ಎಂದು ದಿನಾ ಶಪಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದೆ, ಅದೇ ಕೈಯಲ್ಲಿ.

ಮೂರನೆಯ ದಿನ ಹೋಟೆಲಿಗೆ ಬಂದಾಗ ವಾಸಣ್ಣ ನನ್ನನ್ನು ಅಡುಗೆಮನೆಗೆ ಕರೆದರು. ಕೈಯಲ್ಲಿ ಫೋನಿತ್ತು, ಆ ಫೋಟೋ ದೊಡ್ಡದಾಗಿ ತೆರೆದಿತ್ತು. ಮಕ್ಕಳ ನಡುವೆ ಬಗ್ಗಿ ನಿಂತವನ ಬೆನ್ನು, ಬೂದು ಅಂಗಿ, ಕಪ್ಪು ಚೀಲ.

"ಮಾರಾಯ್ರೆ, ಇದು ನಮ್ಮ ಜಿತು ಅಲ್ವಾ? ನಾವು ಒತ್ತಿದ್ದು ಇದನ್ನೇ ಅಲ್ವಾ?"

ಪಕ್ಕದಲ್ಲಿ ದೋಸೆ ಮಗುಚುವ ಸಟ್ಟುಗ ಇತ್ತು. ಅದನ್ನೆತ್ತಿ ಅವರ ಮುಖಕ್ಕೆ ಬೀಸಿದೆ. ತುಟಿ ಸೀಳಿತು. ಹಿಂದಕ್ಕೆ ವಾಲಿದವರು ಆಸರೆಗೆಂದು ಕೈ ಊರಿದ್ದು ಕಾದ ಕಾವಲಿಯ ಮೇಲೆ. ಆ ವಾಸನೆ, ಆ ಕೂಗು. ನಾನು ಆಗಲೂ ನಿಲ್ಲಿಸಲಿಲ್ಲ. ಬಾಯಿ ಬಿಟ್ಟರೆ ಕೊಂದೇ ಬಿಡುತ್ತೇನೆ ಎಂದು ಇನ್ನೆರಡು ಏಟು ಹೊಡೆದೆ. ಕಲ್ಯಾಣದ ಜನರನ್ನು ಪಿಶಾಚಿಗಳು ಎಂದು ಬೈದುಕೊಂಡಿದ್ದೆ. ಅವರಾದರೂ ಕಳ್ಳನೆಂದು ನಂಬಿ ಹೊಡೆದವರು. ನಾನು ನಿಜ ಹೇಳಿದವನನ್ನು ಹೊಡೆದೆ. ವಾಸಣ್ಣ ದೂರು ಕೊಡಲಿಲ್ಲ. ಕೈಗೆ ಪಟ್ಟಿ ಸುತ್ತಿಕೊಂಡು ಊರಿಗೆ ಹೋದರು. ದೋಸೆ ಹೊಯ್ಯುವ ಕೈ ಅದು. ಹೋಗುವ ಮೊದಲು ಒಂದೇ ಮಾತು ಹೇಳಿದರು, ಆ ಮಧ್ಯಾಹ್ನ ಜಿತು ಹೋಟೆಲಿಗೆ ಬಂದದ್ದನ್ನು ತಾನು ನೋಡಿಲ್ಲ, ನಾನು ಒಬ್ಬನೇ ಮಾತಾಡುವುದು ಮಾತ್ರ ಕೇಳಿಸಿತ್ತು ಎಂದು.

ಹೋಟೆಲಿನ ಸಿಸಿ ಕ್ಯಾಮೆರಾದ ರೆಕಾರ್ಡ್ ತೆಗೆದು ನೋಡಿದೆ. ಒಂಬತ್ತನೇ ಟೇಬಲಿಗೆ ಕಂಬ ಅಡ್ಡ. ನಾನು ಲೋಟ ತೆಗೆದುಕೊಂಡು ಹೋಗುವುದು, ನಿಲ್ಲುವುದು, ಬಾಯಿ ಆಡಿಸುವುದು ಕಾಣುತ್ತದೆ. ಕುರ್ಚಿ ಕಾಣುವುದಿಲ್ಲ. ಬಾಗಿಲಿನಿಂದ ಆ ಹೊತ್ತಿನಲ್ಲಿ ಯಾರೂ ಒಳಗೆ ಬಂದಿಲ್ಲ, ಯಾರೂ ಹೊರಗೆ ಹೋಗಿಲ್ಲ. ಆ ಹೊತ್ತು ಕಲ್ಯಾಣದಲ್ಲಿ ಅವನು ನೆಲದ ಮೇಲೆ ಬಿದ್ದಿದ್ದ. ಅಲ್ಲಿಂದ ಇಲ್ಲಿಗೆ ಎಷ್ಟು ಬೇಗ ಬಂದರೂ ಒಂದು ಗಂಟೆಯ ದಾರಿ.

ಪೊಲೀಸರು ಒತ್ತಿದವರ ಪಟ್ಟಿ ತೆಗೆಸಿದರು. ಅದರಲ್ಲಿ ಫೋಟೋ ಹಾಕಿದ ಹೆಂಗಸಿನ ಹೆಸರಿತ್ತು. ಉಳಿದ ಎರಡು ಕಡೆ ಹೆಸರಿನ ಬದಲು 'ಟೆಸ್ಟ್' ಎಂದಿತ್ತು. ಮಶೀನಿನ ಗಡಬಡಿ ಎಂದು ಬರೆದುಕೊಂಡು ಹೋದರು. ಆ ಟೆಸ್ಟ್ ಎಂದರೆ ನಮ್ಮ ಹೋಟೆಲಿನ ಫೋನುಗಳೆಂದು ನಮ್ಮನ್ನು ಬಿಟ್ಟರೆ ಗೊತ್ತಿರುವವನು ಒಬ್ಬನೇ, ಜಿತು. ಅವನು ಪಟ್ಟಿ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನನ್ನು ಕೇಳಲಿಲ್ಲ. ಕಂಪನಿ ಮುಚ್ಚಿದ.

ಒಂದೂವರೆ ವರ್ಷದ ಮೇಲೆ, ಒಂದು ಭಾನುವಾರ ಡೊಂಬಿವಲಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವನು ಈಗ ಎಲ್ಲಿಗೂ ಹೋಗುವುದಿಲ್ಲ. ಬಾಲ್ಕನಿಯಲ್ಲಿ ಕೂತು ಲೋಕಲ್ ಹೋಗುವುದನ್ನು ನೋಡುತ್ತಾನೆ. ಇದ್ದಕ್ಕಿದ್ದ ಹಾಗೆ ಹೇಳಿದ, "ಕಾಯುವುದನ್ನು ಕಮ್ಮಿ ಮಾಡಿದ್ದೇ ಗಲತ್ ಆಯ್ತು ಅಣ್ಣಾ. ಅವರು ಹತ್ತು ನಿಮಿಷ ಕಾದಿದ್ರೆ ಯಾರಾದರೊಬ್ಬರು ನನ್ನ ಮುಖ ನೋಡ್ತಿದ್ರು."

ಆಮೇಲೆ ನನ್ನ ಕಡೆ ತಿರುಗಿದ. "ಹೊಡೀವಾಗ ನಾನು ಅಲ್ಲಿ ಇರಲಿಲ್ಲ. ನಿನ್ನ ಹೋಟೆಲಿಗೆ ಬಂದಿದ್ದೆ. ಒಂಬತ್ತನೇ ಟೇಬಲ್. ನೀನು ನೀರು ಕೊಟ್ಟೆ. ನಾನೊಂದು ಮಾತು ಕೇಳಿದೆ. ನೀನು ಏನೋ ಹೇಳಿದೆ. ಈ ಕಿವಿಗೆ ಏಟು ಬಿದ್ದದ್ದು ಆಗಲೇ, ಹಾಗಾಗಿ ಕೇಳಿಸಲಿಲ್ಲ. ಏನು ಹೇಳಿದೆ?"

ನೀರಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ವಾಸಣ್ಣನಿಗೆ ಲೋಟದ ಸಂಗತಿ ಗೊತ್ತಿರಲಿಲ್ಲ.

"ನೀನು ಬರಲೇ ಇಲ್ಲವಲ್ಲ ಜಿತು" ಎಂದೆ. "ಕನಸು ಬಿದ್ದಿರಬೇಕು."

ಅವನು ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. "ಇರಬಹುದು" ಎಂದ.

ಈಗ ಅವನಿಗೆ ಏನು ಓದಬೇಕಾದರೂ ಫೋನು ಓದಿ ಹೇಳುತ್ತದೆ. ಕಾಗದದ ಮೇಲೆ ಹಿಡಿದರೆ ಸಾಕು, ಕನ್ನಡವನ್ನೂ ಒಂದು ಹೆಂಗಸಿನ ದನಿಯಲ್ಲಿ ಓದುತ್ತದೆ. ಇದು ಅಚ್ಚಾದರೆ ಆ ಪುಟವನ್ನು ಅವನು ಕೂರುವ ಬಾಲ್ಕನಿಯಲ್ಲಿ ಇಟ್ಟು ನಾನು ಕೆಲಸಕ್ಕೆ ಹೊರಡುತ್ತೇನೆ. ಎದುರು ಕೂತು ಹೇಳುವ ಧೈರ್ಯ ಇವತ್ತಿಗೂ ನನಗಿಲ್ಲ. ಜಿತು, ಆ ದಿನ ನೀನು ಕೇಳಿದ್ದಕ್ಕೆ ನಾನು ಹೇಳಿದ್ದು ಇಷ್ಟೇ. ನೋಡಲಿಲ್ಲ. ಒತ್ತಿದೆ.

ಲೋಟದ ನೀರು ಯಾರು ಕುಡಿದರು ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಒಂದಂತೂ ನಿಜ, ಅದನ್ನು ತುಂಬ ತಂದಿಟ್ಟವನು ನಾನೇ, ಒಂದು ಹನಿಯೂ ಟೇಬಲಿನ ಮೇಲೆ ಚೆಲ್ಲಿರಲಿಲ್ಲ.