ಎಂಟು ಸಾವಿರ ಎಂದ ಕ್ಯಾಮೆರಾ

ಫೋಟೋ ಫೈಲಿನ ಹೆಸರಲ್ಲಿರುವ ಅಂಕಿಯೇ ಕ್ಯಾಮೆರಾದ ವಯಸ್ಸು ಎಂದು ಪಾರ್ಸೆಲ್ ಬಹಳ ದಿನ ನಂಬಿದ್ದ. ಕೊರಿಯರ್ ಆಫೀಸಿನಲ್ಲಿ ಬೆಳಗಿನಿಂದ ಸಂಜೆವರೆಗೆ ಪೊಟ್ಟಣಗಳಿಗೆ ನಂಬರ್ ಅಂಟಿಸುವ ಕೆಲಸ ಅವನದು. ಬೀದಿಯವರು ಅವನಿಗೆ ಪಾರ್ಸೆಲ್ ಎಂದು ಹೆಸರಿಟ್ಟದ್ದೂ ಅದಕ್ಕೇ. ನಂಬರ್ ಎಂದರೆ ಅವನಿಗೆ ವೇದವಾಕ್ಯ. ಮೊದಲ ಸಲ ಬೇರೆ ಬೀದಿಗೆ ಹಳೆಯ ಕ್ಯಾಮೆರಾ ಕೊಳ್ಳಲು ಹೋದಾಗ ಒಂದು ಫೋಟೋ ತೆಗೆದು ನೋಡಿದ, 0412 ಎಂದಿತ್ತು. ಹಾಗಾದರೆ ಇದುವರೆಗೆ ತೆಗೆದದ್ದು ನಾನೂರ ಹನ್ನೆರಡೇ ಫೋಟೋ, ಹಸುಗೂಸು. ಮಾರುವವನ ತುಟಿಯಂಚಿನ ನಗುವನ್ನು ಸಜ್ಜನಿಕೆ ಎಂದುಕೊಂಡು, ಚೌಕಾಸಿಯನ್ನೂ ಮಾಡದೆ ಎತ್ತಿಕೊಂಡು ಬಂದ. ಮೂರು ವಾರ ಆಫೀಸಿನವರ ಕಿವಿ ತಿಂದ. ನಾಲ್ಕನೇ ವಾರ ಹಸುಗೂಸು ‘ಕಟ್’ ಎಂದು ಅರ್ಧ ಸದ್ದು ಮಾಡಿ ಕಣ್ಣು ಮುಚ್ಚಿತು.

ಅದನ್ನು ಅಕ್ಕನ ಹತ್ತಿರ ಒಯ್ದ. ಹಳೆಯ ಕ್ಯಾಮೆರಾ ಮಾರುವ ಅಂಗಡಿಯ ಮೂಲೆಯಲ್ಲಿ ರಿಪೇರಿ ಮೇಜು ಹಾಕಿಕೊಂಡಿದ್ದ, ಐವತ್ತು ದಾಟಿದ ಹೆಂಗಸು. ಅಂಗಡಿ ಅವಳ ತಮ್ಮನದು, ಹಾಗಾಗಿ ಇಡೀ ಬೀದಿಗೇ ಅವಳು ಅಕ್ಕ.

“ಈ ನಂಬರು ಒಂಬತ್ತು ಸಾವಿರ ಚಿಲ್ಲರೆಗೆ ಮುಗಿದು, ಮತ್ತೆ ಒಂದರಿಂದ ಶುರುವಾಗುತ್ತೆ ಕಣೋ,” ಎಂದಳು ಅವಳು, ತಲೆಯೆತ್ತದೆ. “ಗಡಿಯಾರ ಒಂದು ಗಂಟೆ ತೋರಿಸ್ತು ಅಂತ, ಅದು ಹುಟ್ಟಿ ಒಂದೇ ಗಂಟೆ ಆಯ್ತು ಅಂದ ಹಾಗಾಯ್ತು ನಿನ್ನ ಲೆಕ್ಕ.”

ಅವತ್ತಿನಿಂದ ಪಾರ್ಸೆಲ್ ದಿನದ ಕೆಲಸ ಮುಗಿದ ಮೇಲೆ ಅಲ್ಲಿ ಹೋಗಿ ಕೂರತೊಡಗಿದ. ಕಲಿಯಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳುತ್ತಿದ್ದ. ಕಲಿತದ್ದು ಮುಖ್ಯವಾಗಿ ಟೀ ತರುವುದನ್ನು.

ಅಕ್ಕನ ಅಪ್ಪ ಸಾಯುವ ಮೊದಲು ಅಂಗಡಿಯನ್ನು ಮಗನ ಹೆಸರಿಗೆ ಬರೆದಿದ್ದ. ಮೇಜನ್ನೂ ಸ್ಕ್ರೂಡ್ರೈವರ್ ಡಬ್ಬಿಯನ್ನೂ ಮಗಳಿಗೆ ಬಿಟ್ಟಿದ್ದ. “ಸರಿಯಾಗೇ ಹಂಚಿದಾರೆ. ಬಾಯಿ ಅವನಿಗೆ, ಕೈ ನನಗೆ,” ಎನ್ನುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೂ ಉತ್ತರ ಸಿದ್ಧವಿತ್ತು: “ನೋಡೋಕೆ ಬಂದವರೆಲ್ಲ ಸೆಕೆಂಡ್ ಹ್ಯಾಂಡು. ಒಬ್ಬನೂ ನಿಜವಾದ ಎಣಿಕೆ ಹೇಳಲಿಲ್ಲ.”

ಆ ಬೀದಿಯಲ್ಲಿ ಅಕ್ಕನ ಪಟ್ಟಿ ಇಲ್ಲದ ಕ್ಯಾಮೆರಾವನ್ನು ಯಾರೂ ಮುಟ್ಟುತ್ತಿರಲಿಲ್ಲ. ಪ್ರತಿ ಫೋಟೋಗೂ ತೆರೆದು ಮುಚ್ಚುವ ಶಟರ್ ಎಷ್ಟು ಸಲ ಬಡಿದಿದೆ ಎಂಬುದನ್ನು ಕಂಪ್ಯೂಟರಿಗೆ ಜೋಡಿಸಿ ಓದುವುದು ಎಲ್ಲರಿಗೂ ಬರುತ್ತದೆ. ಅಕ್ಕ ಅಲ್ಲಿಗೆ ಬಿಡುತ್ತಿರಲಿಲ್ಲ. ಲೆನ್ಸ್ ಬಿಚ್ಚಿ, ಒಳಗಿನ ಪುಟ್ಟ ಕನ್ನಡಿಯನ್ನು ಕಡ್ಡಿಯ ತುದಿಯಿಂದ ಮೆಲ್ಲಗೆ ಎತ್ತಿ, ಹಿಂದಿರುವ ಶಟರಿನ ಕಪ್ಪು ಬ್ಲೇಡುಗಳನ್ನು ಭೂತಗನ್ನಡಿಯಲ್ಲಿ ನೋಡುವಳು. ಆಮೇಲೆ ಶಟರನ್ನು ಅತಿ ವೇಗಕ್ಕಿಟ್ಟು ಬಿಳಿ ಗೋಡೆಯ ಫೋಟೋ ಹತ್ತಾರು ತೆಗೆದು, ಅಂಚಿನಲ್ಲಿ ಕಪ್ಪು ನೆರಳು ಬಿದ್ದಿದೆಯೇ ಎಂದು ಹುಡುಕುವಳು. ಎಲ್ಲ ಮುಗಿದ ಮೇಲೆ ಬಿಳಿ ಟೇಪಿನ ಚೂರಿನ ಮೇಲೆ ಎಣಿಕೆ ಬರೆದು, ಸಹಿ ಹಾಕಿ, ಕ್ಯಾಮೆರಾದ ತಳಕ್ಕೆ ಅಂಟಿಸುವಳು. ಅದೇ ಪಟ್ಟಿ.

ಒಂದು ವರ್ಷ ಓವರ್‌ಟೈಮ್ ಮಾಡಿ ದುಡ್ಡು ಕೂಡಿಸಿದ ಪಾರ್ಸೆಲ್ ಒಂದು ರಜೆಯ ಮಧ್ಯಾಹ್ನ ಎರಡನೇ ಕ್ಯಾಮೆರಾ ಕೊಳ್ಳಲು ಬಂದ. ಅಕ್ಕನ ತಮ್ಮ ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ಅವಳ ಮುಂದಿಟ್ಟ.

“ಎಂಟು ಸಾವಿರ ಅಷ್ಟೇ ಬಡಿದಿರೋದು. ನಾನೇ ಓದಿದೀನಿ. ಪಟ್ಟಿ ಹಚ್ಚಿಕೊಡಕ್ಕ.”

ಅಕ್ಕ ಓದಿದಳು. ಎಂಟು ಸಾವಿರದ ನೂರ ನಲವತ್ತು. ಕನ್ನಡಿ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಬ್ಲೇಡು ಸವೆದು ಪಾತ್ರೆ ಥರ ಹೊಳೀತಿದೆ. ಇದು ಎರಡು ಲಕ್ಷ ದಾಟಿದೆ. ಎಣಿಕೆ ಇಡೋ ಒಳಗಿನ ಬೋರ್ಡ್ ಬದಲಾಯಿಸಿ ನಂಬರ್ ಇಳಿಸಿದಾರೆ.”

“ಬೋರ್ಡು ಹೋಗಿತ್ತು, ಹಾಕಿಸ್ದೆ. ತಪ್ಪಾ?”

“ಹಾಕಿಸಿದ್ದು ತಪ್ಪಲ್ಲ. ಎಂಟು ಸಾವಿರ ಅಂದದ್ದು ತಪ್ಪು.”

“ನಂಬರ್ ನಾನು ಹೇಳ್ತಿಲ್ಲಕ್ಕ, ಕ್ಯಾಮೆರಾನೇ ಹೇಳ್ತಿದೆ. ಅದು ಹೇಳಿದ್ದನ್ನ ಬರೆಯೋಕೇನು?”

ಅಕ್ಕ ಟೇಪು ಹರಿದಳು. ‘ಎಣಿಕೆ 8,140. ನಂಬಬೇಡಿ’ ಎಂದು ಬರೆದು, ಸಹಿ ಹಾಕಿ ಅಂಟಿಸಿದಳು. ತಮ್ಮ ಅದನ್ನು ಕಿತ್ತ. ಅವಳು ಇನ್ನೊಂದು ಬರೆದು ಅಂಟಿಸಿದಳು. ಅದನ್ನೂ ಕಿತ್ತ. ಮೂರನೆಯದನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದಳು.

ಜಗಳ ಕಂಡರೆ ಪಾರ್ಸೆಲ್‌ಗೆ ಆಗದು. ಸತ್ಯ ಹೇಳಬೇಕೆಂದರೆ ಅವನಿಗೆ ಆ ಕ್ಯಾಮೆರಾದ ಮೇಲೆ ಮನಸ್ಸೂ ಆಗಿತ್ತು. “ಪರವಾಗಿಲ್ಲಕ್ಕ, ನಾನು ಹೀಗೇ ತಗೋತೀನಿ ಬಿಡಿ,” ಎಂದ, ದೊಡ್ಡ ತ್ಯಾಗಿಯ ಹಾಗೆ.

“ನೀನು ಬಾಯಿ ಮುಚ್ಚು. ಒಂದು ಸಲ ಟೋಪಿ ಹಾಕಿಸ್ಕೊಂಡದ್ದು ಸಾಲದಾ? ನಾಳೆ ಇನ್ನೊಬ್ಬ ಬರ್ತಾನೆ. ಅವನಿಗೆ ಬೇಕಿರೋದು ನನ್ನ ಸಹಿ, ನಿನ್ನ ದೊಡ್ಡ ಮನಸ್ಸಲ್ಲ.”

ತಮ್ಮನ ದನಿ ತಗ್ಗಿತು. “ಈ ಮೂಲೇನ ಮೊಬೈಲ್ ಕವರ್ ಮಾರೋನು ಬಾಡಿಗೆಗೆ ಕೇಳ್ತಾನೇ ಇದಾನೆ. ಅಕ್ಕ ಅಂತ ಸುಮ್ಮನಿದ್ದೆ. ಎಂಟು ಸಾವಿರ ಅಂತ ಬರೆದ್ರೆ ಇಲ್ಲಿರು. ಇಲ್ದಿದ್ರೆ ಮೇಜು ಎತ್ತು.”

ಹದಿನೇಳು ವರ್ಷ ಕೂತ ಮೂಲೆ. ಬೇರೆ ಸಂಪಾದನೆ ಇಲ್ಲ. ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ದೀಪದ ವೈರು ಸುತ್ತಿದಳು, ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗಿಟ್ಟಳು.

“ಸಾಮಾನು ಸಾಗಿಸೋದೇ ನಿನ್ನ ಕಸುಬಲ್ವಾ? ಮೇಜನ್ನ ಆ ಕಡೆ ಹಿಡ್ಕೋ,” ಎಂದಳು ಪಾರ್ಸೆಲ್‌ಗೆ.

ಅವನು ಹಿಡಿದ. ಮೇಜು ಹಾಳಾದ ಭಾರ. ಬಾಗಿಲಲ್ಲಿ ಬೆರಳು ಜಜ್ಜಿಕೊಂಡು, ಇಷ್ಟು ವೀರಾವೇಶದ ಗಳಿಗೆಯಲ್ಲೂ ‘ಅಮ್ಮಾ’ ಎಂದ. ಬೀದಿ ದಾಟಿ ಎದುರುಗಡೆ ಟೈಲರ್ ಅಂಗಡಿಯ ಜಗುಲಿಯ ಮೇಲೆ ಇಳಿಸಿದರು. ಟೈಲರ್ ತನ್ನ ಮಷೀನನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. ಅಕ್ಕ ಕೂತು, ಡಬ್ಬಿ ತೆರೆದಳು.

ತಮ್ಮ ತನ್ನ ಬಾಗಿಲಲ್ಲೇ ನಿಂತಿದ್ದ. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಬಂದು ನೋಡುತ್ತಿದ್ದರು. ಕೊನೆಗೆ ಅವನೇ ಬೀದಿ ದಾಟಿ ಬಂದು, ಮೇಜಿಗೆ ಬಗ್ಗಿ, ಮೆಲ್ಲಗೆ ಕೇಳಿದ: “ನಿಮ್ಮಕ್ಕ ಯಾಕೆ ಹೊರಗೆ ಕೂತಿದಾಳೆ ಅಂತ ಜನ ಕೇಳಿದ್ರೆ ನಾನೇನು ಹೇಳ್ಲಿ?”

“ನಿಜ ಹೇಳು,” ಎಂದಳು ಅಕ್ಕ. “ಬಾಯಿಗೆ ಬರದಿದ್ರೆ ನನ್ನ ಹತ್ರ ಕಳಿಸು.”