ಹಾಡು ನಿಲ್ಲಿಸಿದ ಸಿಸ್ಟರಮ್ಮ

ಕಳೆದ ವಾರ ಸೊಸೆ ಹಿತ್ತಲ ಕಟ್ಟೆಯ ಮೇಲೆ ಕೂತು ತಲೆಗೆ ಹಚ್ಚುವ ಬಣ್ಣ ಕಲಸುತ್ತಿದ್ದಳು. ಅದರ ಘಾಟು ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. "ವಾಸನಿ ಜೋರಾತೇನ್ರಿ ಅತ್ತಿ?" ಎಂದು ಅವಳು ಬಟ್ಟಲು ಎತ್ತಿಕೊಂಡು ದೂರ ಹೋದಳು. ವಾಸನೆ ಹೋಯಿತು. ನಾನು ಮಾತ್ರ ಒಲೆಯ ಮುಂದೆ ಹಾಗೇ ಕೂತೆ. ಅದೇ ಘಾಟು ಒಂದು ಕಾಲದಲ್ಲಿ ನಮ್ಮ ಪಕ್ಕದ ಮನೆಯ ಸಿಸ್ಟರಮ್ಮನ ಸೆರಗಿನಿಂದ ಬರುತ್ತಿತ್ತು. ಮೂರ್ಛೆ ಹೋದವರ ಮೂಗಿಗೆ ಹಿಡಿಯುವ ಔಷಧದ ಪುಟ್ಟ ಸೀಸೆಯೊಂದು ಸದಾ ಅವರ ಸೊಂಟದಲ್ಲಿರುತ್ತಿತ್ತು.

ಆಗ ನಾವು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆವು. ನಾನು ಸಾಲಿಯಲ್ಲಿ ಪಾಠ ಹೇಳುತ್ತಿದ್ದೆ, ತಂಗಿ ಕಾಲೇಜಿಗೆ ಹೋಗುತ್ತಿದ್ದಳು. ಸಿಸ್ಟರಮ್ಮ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಅನೇಕ ವರ್ಷ ನರ್ಸಾಗಿದ್ದು, ಎಪ್ಪತ್ತರ ದಶಕದ ನಡುವೆ ಊರಿಗೆ ಮರಳಿದ್ದರು. ಮದುವೆಯಾಗಿರಲಿಲ್ಲ. ನೆಟ್ಟಗೆ ನಿಲ್ಲುವ, ಗಟ್ಟಿ ದನಿಯ ಹೆಂಗಸು. ಎಡಗಿವಿ ಮಂದವಾಗಿತ್ತು. ಮಾತಾಡಬೇಕಾದರೆ ನಾವು ಬಲಕ್ಕೆ ಹೋಗಿ ನಿಲ್ಲಬೇಕಿತ್ತು.

ಅಂಥ ಗಟ್ಟಿಗಿತ್ತಿಗೆ ಜನ ಕೂಡಿದಲ್ಲಿ ಮಾತ್ರ ಜೀವ ಹಾರುತ್ತಿತ್ತು. ಸಿನಿಮಾಕ್ಕೆ ಬರುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಎಲ್ಲರೂ ಚರ್ಚಿಗೆ ಹೋಗಿ ಬಂದ ಮರುದಿನ ಇವರು ಒಬ್ಬರೇ ಹೋಗಿ ಮಂಡಿಯೂರಿ ಬರುತ್ತಿದ್ದರು. ಮೊಹರಮ್ಮಿನ ಮೆರವಣಿಗೆ ನಮ್ಮ ಓಣಿಗೆ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ಯಾಕೋ ನಗು ಬರುತ್ತಿರಲಿಲ್ಲ...

ತಂಗಿಗೆ ಇಂಗ್ಲಿಷ್ ಹಾಡಿನ ಹುಚ್ಚು. ರೇಡಿಯೊದ ಕಿವಿ ಹಿಂಡಿ ಹಿಂಡಿ, ಗರಗರ ಸದ್ದಿನ ನಡುವೆ ಸಿಗುತ್ತಿದ್ದ ಇಂಗ್ಲೆಂಡಿನ ಬ್ಯಾಂಡುಗಳ ಹಾಡಿಗೆ ಕಿವಿಯೊಡ್ಡುತ್ತಿದ್ದಳು. ಉದ್ದ ಕೂದಲಿನ ಆ ಹುಡುಗರ ಚಿತ್ರಗಳನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿ ಟ್ರಂಕಿನ ಒಳಮೈಗೆ ಅಂಟಿಸಿದ್ದಳು. ಸಿಸ್ಟರಮ್ಮ ಆ ಊರುಗಳಲ್ಲೇ ಇದ್ದು ಬಂದವರೆಂದು ತಿಳಿದ ಮೇಲೆ ಬಿಡುತ್ತಾಳೆಯೆ?

"ಅವ್ರು ಹಾಡೋದನ್ನ ನೀವು ಕಣ್ಣಾರೆ ನೋಡೀರೇನ್ರಿ ಸಿಸ್ಟರಮ್ಮ?"

"ಅವ್ರ ಕಡಿಗಿ ನಮ್ಮ ಬೆನ್ನವ್ವ" ಎಂದರು ಅವರು. "ನಮ್ದು ಮುಖ ಜನದ ಕಡಿಗಿ ಇರ್ತಿತ್ತು. ಕೆಲ್ಸ ಅಲ್ಲಿತ್ತಲ್ಲ."

ರಜೆಯ ದಿನಗಳಲ್ಲಿ ಅವರು ಪ್ರಥಮ ಚಿಕಿತ್ಸೆಯ ತಂಡದೊಡನೆ ಸಂಗೀತ ಕಚೇರಿಗಳಿಗೆ ಹೋಗುತ್ತಿದ್ದರಂತೆ. ವೇದಿಕೆಯ ಕೆಳಗೆ ಸಾಲಾಗಿ ನಿಲ್ಲುವುದು, ಮೂರ್ಛೆ ಹೋದ ಹುಡುಗಿಯರನ್ನು ಎಳೆದು ಹೊರಗೆ ಸಾಗಿಸುವುದು. ಮೊದಮೊದಲ ಬ್ಯಾಂಡುಗಳ ಕಾಲದಲ್ಲಿ ಹಾಡು ಒಂದಕ್ಷರವೂ ಕೇಳುತ್ತಿರಲಿಲ್ಲ, ಬರೀ ಚೀರಾಟ. ಹಾಡುವವರಿಗೇ ತಮ್ಮ ಹಾಡು ಕೇಳುತ್ತಿರಲಿಲ್ಲವಂತೆ. ಮುಗಿದೊಡನೆ ಹಿಂಬಾಗಿಲಿನಿಂದ ಓಡಿಹೋಗುತ್ತಿದ್ದರಂತೆ. ಆಮೇಲೆ ಬಂದವರು ಬೇರೆ ಥರ. ಕೋಟೆ ಗೋಡೆಯ ಹಾಗೆ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ ನುಡಿಸುವವರು, ಗಿಟಾರನ್ನು ನೆಲಕ್ಕೆ ಬಡಿದು ಚೂರು ಮಾಡುವವರು, ಡ್ರಮ್ಮು ಒದ್ದು ಉರುಳಿಸುವವರು. ಸಿಸ್ಟರಮ್ಮನ ಎಡಗಿವಿ ಹೋಗಿದ್ದು ಅಂಥದೊಂದು ಪೆಟ್ಟಿಗೆಯ ಪಕ್ಕದಲ್ಲಿ ನಿಂತೇ.

"ಪೇಪರಿನವ್ರು ಒಂದ್ ಗುಂಪಿಗಿ ಒಳ್ಳೇ ಹುಡುಗ್ರು ಅಂತಿದ್ರು, ಇನ್ನೊಂದಕ್ಕ ಪೋಲಿಗಳು ಅಂತಿದ್ರು" ಎಂದರು. "ನಮಗ ಆ ಹೆಸ್ರು ಯಾಕ ಬೇಕು? ಯಾರು ಬಂದ್ರ ಎಷ್ಟ್ ಸ್ಟ್ರೆಚರ್ ತರಬೇಕು, ಅದನ್ನ ನೋಡ್ತಿದ್ವಿ. ಪೋಲಿ ಅನ್ಸಿಕೊಂಡವನೊಬ್ಬ, ಮುಂದ ಒಂದು ಹುಡುಗಿ ಬಿದ್ದಿದ್ದು ಕಂಡು ಹಾಡು ನಿಲ್ಸಿ ನಿಂತುಬಿಟ್ಟಿದ್ದ. ಎಲ್ಲಾರೂ ಹಂಗ ನಿಲ್ಸೂದಿಲ್ಲ..."

ತಂಗಿ ಕಣ್ಣು ಅರಳಿಸಿ ಕೇಳುತ್ತಿದ್ದಳು. ಅವಳಿಗೆ ಹಾಡು ಮಾತ್ರ ಕೇಳಿಸುತ್ತಿತ್ತು, ನನಗೆ ಸ್ಟ್ರೆಚರು.

ಒಂದು ಬೇಸಗೆಯಲ್ಲಿ ಸಿರುಗುಪ್ಪದಲ್ಲಿ ದೊಡ್ಡ ಆರ್ಕೆಸ್ಟ್ರಾ ಇದೆ ಎಂಬ ಸುದ್ದಿ ಬಂತು. ಗೋಡೆಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ 'ಲಂಡನ್ ಮಾದರಿಯ ಬ್ಯಾಂಡ್' ಎಂದು ಬರೆದಿತ್ತು. ಸಿರುಗುಪ್ಪದಲ್ಲಿ ನಮ್ಮ ಸೋದರತ್ತೆ ಇದ್ದುದರಿಂದ ಅಪ್ಪ ಒಪ್ಪಿದರು. ತಂಗಿ ಕುಣಿಯುತ್ತ ಪಕ್ಕದ ಮನೆಗೆ ಹೇಳಲು ಓಡಿದಳು. ನಾನೂ ಹಿಂದೆ ಹೋದೆ.

ಸಿಸ್ಟರಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿ ಕೇಳಿದರು: "ಎಲ್ಲಿ ಮಾಡ್ತಾರ?"

"ಅಕ್ಕಿ ಗಿರಣಿ ಅಂಗಳದಾಗ್ರಿ. ಭತ್ತ ಒಣಗ್ಸೋ ಕಣ ದೊಡ್ಡದೈತಲ್ಲ."

"ಸುತ್ತ ಗೋಡಿ ಐತೇನು? ಎಷ್ಟು ಬಾಗ್ಲು?"

ತಂಗಿ ನಕ್ಕಳು. "ಲಾರಿ ಬರೋ ಗೇಟು ಒಂದ ನೋಡ್ರಿ. ಗಿರಣಿಗಿ ಎಷ್ಟ್ ಬಾಗ್ಲು ಇರ್ತಾವು?"

ಮೊರದಲ್ಲಿದ್ದ ಸಿಸ್ಟರಮ್ಮನ ಕೈ ಹಾಗೇ ನಿಂತಿತ್ತು. ಆದರೆ ನಾವು ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಹೋದರೆ, ಕೈಯಲ್ಲೊಂದು ಚೀಲ ಹಿಡಿದು ನಮಗಿಂತ ಮೊದಲೇ ಅಲ್ಲಿ ನಿಂತಿದ್ದರು.

ಬಸ್ಸಿನಲ್ಲಿ ತಂಗಿ ಮುಂದಿನ ಸೀಟಿಗೆ ಓಡಿ ಕೂತಳು. ನಾನು ಸಿಸ್ಟರಮ್ಮನ ಬಲಕ್ಕೆ ಕೂತೆ. ಊರು ದಾಟಿದ ಮೇಲೆ ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು. ಇಂಗ್ಲೆಂಡಿನಲ್ಲಿ ಅವರು ಹೋದ ಕೊನೆಯ ಸಂಗೀತ ಕಚೇರಿಯಲ್ಲಿ ಹಿಂದಿನ ಜನ ಮುಂದಕ್ಕೆ ಒತ್ತಿದರಂತೆ. ವೇದಿಕೆಯ ಮುಂದಿನ ಕಟಕಟೆಗೆ ಒರಗಿ ಒಬ್ಬ ಹುಡುಗಿ ಇವರನ್ನೇ ನೋಡುತ್ತಿದ್ದಳು. ನಮ್ಮ ತಂಗಿಯ ವಯಸ್ಸು. ಇವರು ಅವಳ ಕೈ ಹಿಡಿದು ಎಳೆದರು, ಎಳೆದರು. ಅವಳು ಬರಲಿಲ್ಲ.

"ನಿಂತಲ್ಲೇ ಹೋಗಿಬಿಟ್ಟಿದ್ಲವ್ವ" ಎಂದರು. "ಬೀಳಾಕ ಜಾಗ ಇದ್ದಿಲ್ಲ. ಕಣ್ಣು ತಗದೇ ಇದ್ವು. ಆಕಿ ಹಿಂದ ಎಲ್ಲಾರೂ ಕುಣ್ಯಾಕ ಹತ್ತಿದ್ರು, ಹಾಡು ನಡದಿತ್ತು. ಯಾರಿಗೂ ಗೊತ್ತಿಲ್ಲ."

ಹೊರಗೆ ಬಿಸಿಲು ಸುಡುತ್ತಿತ್ತು. ವಾಪಸು ಹೋಗೋಣವೇ ಎಂದು ಕೇಳಿದೆ. "ನಿನ್ ತಂಗಿ ಕೇಳ್ತಾಳೇನು?" ಎಂದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗಿರಣಿಯ ಅಂಗಳ ತುಂಬಿತ್ತು. ಕುರುಗೋಡು, ತೆಕ್ಕಲಕೋಟೆ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದಿದ್ದರು. ಒಂದು ತುದಿಗೆ ಗೇಟು, ಇನ್ನೊಂದು ತುದಿಗೆ ವೇದಿಕೆ, ಅದರ ಮುಂದೆ ಬೊಂಬು ಕಟ್ಟಿದ ಅಡ್ಡಗಟ್ಟು. ಸಿಸ್ಟರಮ್ಮ ನಮ್ಮನ್ನು ಪಕ್ಕದ ಗೋಡೆಯ ಬುಡಕ್ಕೆ ಕೂರಿಸಿ, "ಇಲ್ಲಿಂದ ಏಳಬ್ಯಾಡ್ರಿ" ಎಂದರು. ಉದ್ದ ಕೂದಲಿನ, ಬೆಲ್‌ಬಾಟಮ್ ಹಾಕಿದ ಗಿಟಾರಿನವನು ವೇದಿಕೆಗೆ ಹಾರಿ ಬಂದು ತಂತಿ ಮೀಟಿದ. ಸದ್ದು ನೆಲದಿಂದ ಕಾಲಿಗೇರಿತು. ತಿರುಗಿ ನೋಡಿದರೆ ತಂಗಿ ಪಕ್ಕದಲ್ಲಿ ಇರಲಿಲ್ಲ.

ಅಷ್ಟರಲ್ಲೇ ಹೊರಗೆ ಉಳಿದಿದ್ದವರು ಗೇಟು ನೂಕಿ ಒಳನುಗ್ಗಿದರು. ನನಗೆ ಮೊದಲು ಏನೂ ತಿಳಿಯಲಿಲ್ಲ. ಜನ ಕೇಕೆ ಹಾಕುತ್ತಿದ್ದರು, ಶಿಳ್ಳೆ ಹೊಡೆಯುತ್ತಿದ್ದರು. ಸಿಸ್ಟರಮ್ಮ ನನ್ನ ರಟ್ಟೆ ಹಿಡಿದರು. ಉಗುರು ಚರ್ಮಕ್ಕೆ ಇಳಿಯಿತು.

"ತಲಿಗಳ್ನ ನೋಡು."

ನೋಡಿದೆ. ಗಾಳಿಗೆ ಪೈರು ಬಾಗುವಂತೆ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲುತ್ತಿದ್ದವು, ಒಟ್ಟಿಗೆ ಬಲಕ್ಕೆ ವಾಲುತ್ತಿದ್ದವು. ಯಾರೂ ತಮ್ಮ ಕಾಲ ಮೇಲೆ ನಡೆಯುತ್ತಿರಲಿಲ್ಲ. ಮುಂದಿನ ಸಾಲಿನವರ ಬಾಯಿ ತೆರೆದಿತ್ತು. ಹಾಡುತ್ತಿದ್ದಾರೆ ಎಂದುಕೊಂಡಿದ್ದೆ... ಉಸಿರಿಗಾಗಿ ಬಾಯಿ ಬಿಡುತ್ತಿದ್ದರು.

ಸಿಸ್ಟರಮ್ಮ ಕುಸಿದು ಕೂತರು. ಎರಡೂ ಕಿವಿ ಮುಚ್ಚಿಕೊಂಡು ಗಡಗಡ ನಡುಗಿದರು. ನಾನು "ತಂಗಿ, ನಮ್ಮ ತಂಗಿ..." ಎಂದು ಅವರ ಭುಜ ಅಲುಗಿಸಿದೆ. ಅವರು ನನ್ನ ಮುಖ ನೋಡಿದರು. ಅಷ್ಟು ಹೆದರಿದ ಕಣ್ಣುಗಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅದೇ ಹೆದರಿಕೆಯಲ್ಲೇ ಎದ್ದು, ಗೋಡೆಗೆ ಅಂಟಿಕೊಂಡು ವೇದಿಕೆಯ ಹಿಂಬದಿಗೆ ಓಡಿದರು. ನಾನೂ ಬೆನ್ನಿಗೆ ಓಡಿದೆ.

ಅಲ್ಲಿ ಜನರೇಟರು ಬಡಿದುಕೊಳ್ಳುತ್ತಿತ್ತು. ಅದನ್ನು ಆರಿಸಲು ನಾನು ಕೈ ಹಾಕಿದೆ. ಅವರು ಕೈಮೇಲೆ ಫಟ್ ಎಂದು ಹೊಡೆದರು. "ದೀಪ ಆರಿಸಬ್ಯಾಡ! ಕತ್ಲಾದ್ರ ಒಬ್ರನ್ನೊಬ್ರು ತುಳೀತಾರ. ಸದ್ದು ಒಂದ ನಿಲ್ಲಬೇಕು." ಹಾಗೆಂದವರೇ ವೇದಿಕೆ ಹತ್ತಿ ಗಿಟಾರಿನವನ ಎದುರು ಕೈ ಆಡಿಸಿದರು. ಅವನು ನಗುತ್ತ ಪಕ್ಕಕ್ಕೆ ನೂಕಿದ. ಅವರು ಬಗ್ಗಿ, ಪೆಟ್ಟಿಗೆಗೆ ಸಿಕ್ಕಿಸಿದ್ದ ಗಿಟಾರಿನ ವೈರನ್ನು ಕಿತ್ತು ಎಸೆದರು. ಡ್ರಮ್ಮಿನವನು ಬಾಯಿ ತೆರೆದು ಕೂತುಬಿಟ್ಟ.

ಒಮ್ಮೆಲೇ ಮೌನ. ಆ ಮೌನದಲ್ಲಿ ಬೊಂಬಿನ ಕಡೆಯಿಂದ ನರಳಾಟ ಕೇಳಿಸಿತು. ಅಷ್ಟು ಹೊತ್ತೂ ಅದು ಹಾಡಿನ ಕೆಳಗೇ ಇತ್ತು.

"ಹಿಂದಿದ್ದವ್ರು ಹಿಂದಕ್ಕ ಸರೀರಿ!" ಎಂದು ಮೈಕಿನಲ್ಲಿ ಕೂಗಿದರು. "ಗೇಟು ತಗದೈತಿ. ಓಡಬ್ಯಾಡ್ರಿ. ಒಂದೊಂದ ಹೆಜ್ಜಿ ಹಿಂದಕ್ಕ ಇಡ್ರಪ್ಪ, ನಿಮ್ಮ ಕಾಲ್ ಹಿಡೀತೀನಿ."

ಜನ ಬೈದರು, ಚಪ್ಪಲಿ ಎಸೆದರು. ಆದರೂ ಹಿಂದಿನವರು ಸರಿಯತೊಡಗಿದರು. ಮುಂದಿನವರನ್ನು ಒಬ್ಬೊಬ್ಬರಾಗಿ ಕೈ ಹಿಡಿದು ವೇದಿಕೆಗೆ ಎಳೆದೆವು. ಈಗ ಗಿಟಾರಿನವನೂ ಎಳೆಯುತ್ತಿದ್ದ, ಅಳುತ್ತಿದ್ದ. ತಂಗಿಯ ಜಡೆ ನನಗೆ ಕಂಡಿತು. ಎಳೆದುಕೊಂಡಾಗ ಅವಳ ತುಟಿ ನೀಲಿಗಟ್ಟಿತ್ತು. ಸಿಸ್ಟರಮ್ಮ ಅವಳನ್ನು ಮಲಗಿಸಿ, ಬಾಯಿಗೆ ಬಾಯಿ ಕೊಟ್ಟು ಊದಿದರು. ಮತ್ತೆ ಊದಿದರು. ನಾನು ಅವಳ ಪಾದ ಹಿಡಿದು ಕೂತಿದ್ದೆ. ಎಷ್ಟು ಹೊತ್ತೋ... ತಂಗಿ ಕೆಮ್ಮಿದಳು.

ಹಲವರ ಪಕ್ಕೆಲುಬು ಮುರಿದಿದ್ದವು. ಯಾರೂ ಸಾಯಲಿಲ್ಲ.

ಸಾಯದೇ ಇದ್ದುದೇ ಸಿಸ್ಟರಮ್ಮನಿಗೆ ಮುಳುವಾಯಿತು. ಜನರು ಗೇಟು ನೂಕಿ ನುಗ್ಗಿದರು ಎಂಬುದು ಮರೆತುಹೋಯಿತು, ಯಾವಳೋ ಹೆಂಗಸು ಮೈಮೇಲೆ ಬಂದವಳ ಹಾಗೆ ವೇದಿಕೆ ಹತ್ತಿ ವೈರು ಕಿತ್ತಳು ಎಂಬುದಷ್ಟೇ ಉಳಿಯಿತು. ಸುದ್ದಿ ನಮಗಿಂತ ಮೊದಲೇ ಕೌಲ್ ಬಜಾರ್ ಮುಟ್ಟಿತ್ತು. 'ಹುಚ್ಚಿ ನರ್ಸಮ್ಮ' ಎಂಬ ಹೆಸರು ನಿಂತಿತು. ನಾನೂ ತಂಗಿಯೂ ಎಷ್ಟು ಹೇಳಿದರೂ ಜನ "ಅಂಥಾದ್ದೇನ್ ಆಗಿತ್ತು? ಎಲ್ಲಾರೂ ಚೊಲೋ ಅದಾರಲ್ಲ" ಎನ್ನುತ್ತಿದ್ದರು. ಸಿಸ್ಟರಮ್ಮ ಮಾತ್ರ ಒಮ್ಮೆಯೂ ಎದುರು ಹೇಳಲಿಲ್ಲ. "ಅನ್ಲಿ ಬಿಡು. ಹಂಗ ಅನ್ನಾಕ ಉಳದಾರಲ್ಲ" ಎಂದರು, ಅಷ್ಟೇ. ಅವರು ತೀರಿಕೊಂಡಾಗ ಶವದ ಹಿಂದೆ ನಡೆದವರು ನಾವು ಮನೆಯವರು ಮತ್ತು ಚರ್ಚಿನ ಒಂದಿಬ್ಬರು. ಅವರಿಗೆ ಹಿಡಿಸುವಷ್ಟೇ ಜನ.

ಈಚೆಗೆ ಕುರುಗೋಡಿನಲ್ಲಿ ನೆಂಟರ ಮನೆಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಮುದುಕರೊಬ್ಬರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ಕಾಲದಲ್ಲಿ ಸಿರುಗುಪ್ಪದ ಆರ್ಕೆಸ್ಟ್ರಾವನ್ನು ಹುಚ್ಚಿಯೊಬ್ಬಳು ಕೆಡಿಸಿದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು.

"ನೀವು ಎಲ್ಲಿ ನಿಂತಿದ್ರಿ ಯಜಮಾನ್ರ?" ಎಂದು ಕೇಳಿದೆ.

"ಎಲ್ಲಾರಿಗಿಂತ ಮುಂದವ್ವ" ಎಂದರು ಹೆಮ್ಮೆಯಿಂದ. "ಬೊಂಬಿಗಿ ಎದಿ ಕೊಟ್ಟು ನಿಂತಿದ್ದೆ."

ಮೊಮ್ಮಗಳು ಅವರ ಮೀಸೆ ಎಳೆದಳು. ಅವರು ಮತ್ತೆ ನಕ್ಕರು. ಸಿಸ್ಟರಮ್ಮ ಅಂದಿದ್ದ 'ಹಂಗ ಅನ್ನಾಕ ಉಳದಾರಲ್ಲ' ಎಂಬ ಮಾತು ನೆನಪಾಯಿತು. ನಾನು ಕೈ ಚಾಚಿ ಆ ಮಗುವನ್ನು ಎತ್ತಿಕೊಂಡೆ.